ಮಂಗಾ ಚಿತ್ರಗಳ ಸೋಲಿಗೆ ನಟರ ಮುಖವೊಂದೇ ಕಾರಣವಲ್ಲ

ಮಾನ್ಯ ಸಂಪಾದಕರೇ,

ಜಪಾನಿನ ಅನಿಮೆ (ಅನಿಮೇಶನ್ ಚಿತ್ರ) ಮತ್ತು ಮಂಗಾ (ಚಿತ್ರಸರಣಿಯ ಕಥೆಪುಸ್ತಕ) ಕೃತಿಗಳನ್ನು ಹಾಲಿವುಡ್ಡಿನವರು ನಟನಟಿಯರನ್ನಿಟ್ಟುಕೊಂಡು ತೆರೆಗೆ ತರುತ್ತಿರುವುದರ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕನ್ನಡ ಪತ್ರಿಕೆಯೊಂದು ಇಂತಹ ವಿಷಯಕ್ಕೆ ಅರ್ಧ ಪುಟ ಮೀಸಲಿಟ್ಟಿದ್ದು ಸಂತೋಷದ ಸಂಗತಿ. ಆದರೆ ಜಪಾನಿ ಪಾತ್ರಗಳಿಗೆ ಬಿಳಿಯ ನಟರನ್ನು ಹಾಕಿದ್ದರಿಂದಲೇ ಈ ಚಿತ್ರಗಳೆಲ್ಲ ನೆಲಕಚ್ಚಿದವು ಎಂಬ ಲೇಖಕರ ತೀರ್ಮಾನದಲ್ಲಿ ಅರ್ಧ ಮಾತ್ರ ನಿಜವಿದೆ ಎಂದು ನನಗೆ ತೋರುತ್ತದೆ. ನಾನು ಹುಬ್ಬಳ್ಳಿಯ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿ, ಚಾಕಣದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಜಪಾನಿ ದುಭಾಷಿಯಾಗಿ ಕೆಲಸ ಮಾಡುತ್ತಿದ್ದೇನೆ. ಪುಣೆಯಲ್ಲಿ ಜಪಾನಿ ಕಲಿಯುವವರು ಅಪರೂಪವೇನಲ್ಲ. ರಾನಡೆ ಇನ್‌ಸ್ಟಿಟ್ಯೂಟಿನ ತರಗತಿಗಳಿಂದ ಹಿಡಿದು ಕೋಥರೂಡದ ಮಾಳಿಗೆ ಮನೆಗಳಲ್ಲಿ ನಡೆಯುವ ಖಾಸಗಿ ಪಾಠಗಳವರೆಗೆ ಎಲ್ಲಿ ನೋಡಿದರೂ ಎರಡು ಬಗೆಯ ವಿದ್ಯಾರ್ಥಿಗಳು ಸಿಗುತ್ತಾರೆ. ಒಂದು ಬಗೆಯವರು ನೌಕರಿಗಾಗಿ ಬಂದವರು, ಇನ್ನೊಂದು ಬಗೆಯವರು ಅನಿಮೆಯ ಹುಚ್ಚು ಹತ್ತಿಸಿಕೊಂಡು ಬಂದವರು. ಎರಡೂ ಬಗೆಗೆ ಸೇರಿದ ನನಗೆ ಈ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪ ಹೆಚ್ಚೇ ಇದೆ, ದಯವಿಟ್ಟು ಸಹಿಸಿಕೊಳ್ಳಬೇಕು.

ಮೊದಲು ಮುಖದ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಲೇಖಕರು ಮುಖ್ಯ ಸಾಕ್ಷಿಯಾಗಿ ಮುಂದಿಟ್ಟದ್ದು 2017ರ 'ಘೋಸ್ಟ್ ಇನ್ ದ ಶೆಲ್' ಚಿತ್ರವನ್ನು. ಮಸಮುನೆ ಶಿರೋ ಅವರ ಮಂಗಾ ಮತ್ತು ಮಮೊರು ಒಶಿಯಿ 1995ರಲ್ಲಿ ನಿರ್ದೇಶಿಸಿದ ಅನಿಮೆ ಚಿತ್ರದ ನಾಯಕಿ ಮೊತೊಕೊ ಕುಸನಾಗಿಯ ಪಾತ್ರವನ್ನು ಸ್ಕಾರ್ಲೆಟ್ ಜೊಹಾನ್ಸನ್ ವಹಿಸಿದ್ದರ ಬಗ್ಗೆ ಅಮೆರಿಕದಲ್ಲಿ ದೊಡ್ಡ ಗಲಾಟೆಯೇ ನಡೆಯಿತು. ಅಲ್ಲಿನ ಏಷ್ಯಾ ಮೂಲದ ಕಲಾವಿದರಿಗೆ ಮುಖ್ಯ ಪಾತ್ರಗಳೇ ಸಿಗದಿರುವಾಗ ಏಷ್ಯಾದ ಕಥೆಯೊಂದರ ಮುಖ್ಯ ಪಾತ್ರವೂ ಕೈತಪ್ಪಿದರೆ ಸಿಟ್ಟು ಬರುವುದು ನ್ಯಾಯವೇ. ಆದರೆ ಒಶಿಯಿ ಅವರೇ ಈ ಆಯ್ಕೆಯನ್ನು ಬಹಿರಂಗವಾಗಿ ಸಮರ್ಥಿಸಿಕೊಂಡರು. ಮೇಜರ್ ಎಂಬ ಆ ಪಾತ್ರದ ದೇಹವೇ ಕೃತಕವಾದದ್ದು, ಅದು ಇಂತಹ ಜನಾಂಗದ ದೇಹವೇ ಆಗಿರಬೇಕೆಂಬುದಕ್ಕೆ ಆಧಾರವಿಲ್ಲ ಎಂಬುದು ಅವರ ವಾದವಾಗಿತ್ತು. ನಮ್ಮ ಕಾರ್ಖಾನೆಗೆ ಬಂದಿದ್ದ ಹಿರಿಯ ಎಂಜಿನಿಯರೊಬ್ಬರನ್ನು ಊಟದ ಹೊತ್ತಿನಲ್ಲಿ ಈ ಬಗ್ಗೆ ಕೇಳಿದ್ದೆ. ಅವರಿಗೆ ಜೊಹಾನ್ಸನ್ ಬಗ್ಗೆ ತಕರಾರೇ ಇರಲಿಲ್ಲ. ತಕೆಶಿ ಕಿತಾನೊ ಒಬ್ಬರು ಮಾತ್ರ ಜಪಾನಿಯಲ್ಲಿ ಮಾತನಾಡುವುದು, ಉಳಿದವರೆಲ್ಲ ಅದನ್ನು ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವುದು ಅವರಿಗೆ ವಿಚಿತ್ರವಾಗಿ ಕಂಡಿತ್ತಂತೆ. (ಅಂತಹ ಕಾಲವೊಂದು ನಿಜವಾಗಿಯೂ ಬಂದರೆ ನನ್ನಂಥವರ ಅನ್ನಕ್ಕೆ ಕಲ್ಲು ಬೀಳುತ್ತದೆ.)

ನನ್ನ ದೂರು ಬೇರೆಯದು. ಆ ಚಿತ್ರ ಮೂಲದ ಚೌಕಟ್ಟುಗಳನ್ನು ಭಕ್ತಿಯಿಂದ ನಕಲು ಮಾಡಿತು. ಮೇಜರ್ ಗಗನಚುಂಬಿ ಕಟ್ಟಡದ ತುದಿಯಿಂದ ಬೆನ್ನು ಕೆಳಗಾಗಿ ಧುಮುಕುವ ದೃಶ್ಯ, ಪಾದ ಮುಳುಗುವಷ್ಟು ನೀರು ನಿಂತ ಬಯಲಿನಲ್ಲಿ ಅದೃಶ್ಯ ದೇಹದ ಹೊಡೆದಾಟ, ಕೊನೆಯ ಜೇಡನಾಕಾರದ ಯುದ್ಧಯಂತ್ರ, ಎಲ್ಲವೂ ಇದ್ದವು. ಇಲ್ಲದೆ ಹೋದದ್ದು ಮೂಲ ಎತ್ತಿದ ಪ್ರಶ್ನೆ. ಮಿದುಳೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕಾರ್ಖಾನೆಯೇ ತಯಾರಿಸಿರುವಾಗ 'ನಾನು' ಎನ್ನುವುದು ಎಲ್ಲಿ ಉಳಿದಿದೆ ಎಂದು 1995ರ ಮೇಜರ್ ಕೇಳಿಕೊಳ್ಳುತ್ತಾಳೆ, ಮತ್ತು ಕೊನೆಗೆ ಗಣಕಜಾಲದಲ್ಲೇ ಹುಟ್ಟಿದ ಪ್ರಜ್ಞೆಯೊಂದರ ಜೊತೆ ಒಂದಾಗಿ ಇನ್ನೇನೋ ಆಗಲು ಒಪ್ಪಿಬಿಡುತ್ತಾಳೆ. 2017ರ ಮೇಜರ್ ಹುಡುಕುವುದು ತನ್ನ ಕದ್ದ ನೆನಪುಗಳನ್ನು, ತನಗೆ ಅನ್ಯಾಯ ಮಾಡಿದ ಕಂಪನಿಯ ಖಳನನ್ನು, ಕಡೆಗೆ ತನ್ನ ತಾಯಿಯನ್ನು. ಸಮುದ್ರದಷ್ಟು ಆಳದ ಪ್ರಶ್ನೆಯೊಂದು ಕಳೆದುಹೋದ ಮಗಳು ಮನೆಗೆ ಮರಳುವ ಕಥೆಯಾಯಿತು. ಇದೇ ಚಿತ್ರಕಥೆಯನ್ನಿಟ್ಟುಕೊಂಡು ಜಪಾನಿ ನಟಿಯೊಬ್ಬರನ್ನು ಹಾಕಿದ್ದರೂ ಈ ನಷ್ಟ ತುಂಬುತ್ತಿರಲಿಲ್ಲ.

ಜಪಾನೀಯರೇ ಮಾಡಿದರೆ ಸರಿಹೋಗುತ್ತದೆಯೇ ಎಂದರೆ ಅದಕ್ಕೂ ಖಾತ್ರಿಯಿಲ್ಲ. 2015ರಲ್ಲಿ ಜಪಾನಿನಲ್ಲೇ, ಜಪಾನಿ ನಟರೊಂದಿಗೆ, ಎರಡು ಭಾಗಗಳಲ್ಲಿ ಬಂದ 'ಅಟ್ಯಾಕ್ ಆನ್ ಟೈಟನ್' ಅಲ್ಲಿನ ಅಭಿಮಾನಿಗಳಿಂದಲೇ ಬೈಗುಳ ತಿಂದಿತು. 2017ರ 'ಫುಲ್‌ಮೆಟಲ್ ಆಲ್ಕೆಮಿಸ್ಟ್' ಚಿತ್ರದಲ್ಲಿ ಯುರೋಪಿನವರಂತಿರುವ ಪಾತ್ರಗಳನ್ನು ಜಪಾನಿ ನಟರು ಹೊಂಬಣ್ಣದ ಕೂದಲಿನಲ್ಲಿ ಅಭಿನಯಿಸಿದರು. ಮುಖದ ವಾದವನ್ನೇ ಹಿಡಿದು ಹೊರಟರೆ ಇದನ್ನೂ ಆಕ್ಷೇಪಿಸಬೇಕಾಗುತ್ತದೆ. ಅದೇ ಜಪಾನಿನಲ್ಲಿ 2012ರಿಂದ ಸಾಲಾಗಿ ಬಂದ 'ರುರೌನಿ ಕೆನ್‌ಶಿನ್' ಚಿತ್ರಗಳು ಕತ್ತಿವರಸೆಯಲ್ಲಿ ನಾಯಕನಟ ತಕೆರು ಸಾತೊ ಅವರ ಮೈಯನ್ನೇ ನಂಬಿ ಗೆದ್ದವು.

ಹಾಗಾದರೆ ಎಡವಿದ್ದೆಲ್ಲಿ? ಈ ಮಾಲೆಯ ಅತ್ಯಂತ ಕುಖ್ಯಾತ ಚಿತ್ರವನ್ನೇ ನೋಡೋಣ. ಅಕಿರಾ ತೊರಿಯಾಮಾ 1984ರಿಂದ 1995ರವರೆಗೆ ವಾರವಾರವೂ ಬರೆದ 'ಡ್ರ್ಯಾಗನ್ ಬಾಲ್' 42 ಸಂಪುಟಗಳಷ್ಟಿದೆ. 2009ರ 'ಡ್ರ್ಯಾಗನ್‌ಬಾಲ್ ಎವಲ್ಯೂಷನ್' ಒಂದೂವರೆ ಗಂಟೆಗೂ ಕಡಿಮೆ. ಕಾಡಿನಲ್ಲಿ ಬೆಳೆದ, ಬಾಲವಿರುವ, ಹೊಟ್ಟೆಬಾಕನಾದ, ಲೋಕದ ಕಪಟವೇ ತಿಳಿಯದ ಹುಡುಗ ಗೋಕು ಅದರಲ್ಲಿ ಸಹಪಾಠಿಗಳ ಕಾಟ ಸಹಿಸುವ ಅಮೆರಿಕದ ಹೈಸ್ಕೂಲು ವಿದ್ಯಾರ್ಥಿಯಾದ. ಚಿತ್ರಕಥೆ ತಮ್ಮ ಲೋಕವನ್ನು ಅರಿತಿಲ್ಲವೆಂದು ಎಚ್ಚರಿಸಿ ತಿದ್ದುಪಡಿ ಸೂಚಿಸಿದರೂ ನಿರ್ಮಾಪಕರು ಕಿವಿಗೊಡಲಿಲ್ಲ ಎಂದು ತೊರಿಯಾಮಾ ಆಮೇಲೆ ಹೇಳಿಕೊಂಡರು. ಆ ಅತೃಪ್ತಿಯೇ ಅವರನ್ನು 2013ರ ಹೊಸ ಅನಿಮೆ ಚಿತ್ರದ ಕೆಲಸಕ್ಕೆ ಮತ್ತೆ ಎಳೆದು ತಂದ ಕಾರಣಗಳಲ್ಲೊಂದು. ಚಿತ್ರಕಥೆ ಬರೆದ ಬೆನ್ ರ‍್ಯಾಮ್ಸೆ 2016ರಲ್ಲಿ ಅಭಿಮಾನಿಗಳ ಕ್ಷಮೆ ಕೇಳುತ್ತಾ, ತಾವು ಈ ಕೆಲಸಕ್ಕೆ ಕೈಹಾಕಿದ್ದು ಅಭಿಮಾನಿಯಾಗಿ ಅಲ್ಲ, ದೊಡ್ಡ ಸಂಭಾವನೆಯ ಆಸೆಯಿಂದ ಎಂದು ಒಪ್ಪಿಕೊಂಡರು. ಇಷ್ಟು ಪ್ರಾಮಾಣಿಕವಾದ ಒಪ್ಪಿಗೆ ಯಾವ ಚಿತ್ರರಂಗದಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಇನ್ನು 2017ರಲ್ಲಿ ನೆಟ್‌ಫ್ಲಿಕ್ಸ್‌ಗಾಗಿ ಆ್ಯಡಮ್ ವಿಂಗಾರ್ಡ್ ನಿರ್ದೇಶಿಸಿದ 'ಡೆತ್ ನೋಟ್'. ಇದರ ಒಂದೇ ಒಂದು ದೃಶ್ಯವನ್ನು ಮೂಲದ ಪಕ್ಕದಲ್ಲಿಟ್ಟರೆ ನನ್ನ ಮಾತು ಸ್ಪಷ್ಟವಾಗಬಹುದು. ತ್ಸುಗುಮಿ ಓಬಾ ಬರೆದು ತಕೆಶಿ ಒಬಾತಾ ಚಿತ್ರಿಸಿದ ಮಂಗಾದಲ್ಲಿ ಲೈಟ್ ಯಾಗಾಮಿ ಇಡೀ ದೇಶಕ್ಕೆ ಮೊದಲಿಗನಾಗಿ ಅಂಕ ಗಳಿಸುವ ಹುಡುಗ, ಪೊಲೀಸ್ ಅಧಿಕಾರಿಯ ಮಗ. ಹೆಸರು ಬರೆದರೆ ಸಾಕು, ಆ ಹೆಸರಿನವರು ಸಾಯುವಂತಹ ಪುಸ್ತಕ ಅವನ ಕೈಗೆ ಸಿಗುತ್ತದೆ. ಕೆಲವೇ ದಿನಗಳಲ್ಲಿ ಪುಟಗಟ್ಟಲೆ ಹೆಸರುಗಳನ್ನು ತುಂಬಿಸಿ ತನ್ನ ಕೋಣೆಯಲ್ಲಿ ಕುಳಿತಿರುವಾಗ ಆ ಪುಸ್ತಕದ ಒಡೆಯ, ಮೃತ್ಯುದೇವತೆ ರ‍್ಯೂಕ್, ಬೆನ್ನ ಹಿಂದೆ ಪ್ರತ್ಯಕ್ಷನಾಗುತ್ತಾನೆ. ಹುಡುಗ ಬೆಚ್ಚಿ ಕುರ್ಚಿಯಿಂದ ಕೆಳಗುರುಳುತ್ತಾನೆ, ನಿಜ. ಆದರೆ ಮರುಕ್ಷಣವೇ ಎದ್ದು, ತನಗೇನೂ ಆಶ್ಚರ್ಯವಾಗಿಲ್ಲ, ನಿನಗಾಗಿಯೇ ಕಾಯುತ್ತಿದ್ದೆ ಎಂಬ ಧಾಟಿಯಲ್ಲಿ ಮಾತಿಗಿಳಿಯುತ್ತಾನೆ. ಓದುಗನಿಗೆ ನಿಜವಾದ ಭಯ ಹುಟ್ಟುವುದು ಅಲ್ಲಿ. ಅದೂ ದೇವತೆಯನ್ನು ನೋಡಿ ಅಲ್ಲ, ಹುಡುಗನನ್ನು ನೋಡಿ. ಹಾಲಿವುಡ್ಡಿನ ಲೈಟ್ ಟರ್ನರ್ ಸಿಯಾಟಲ್ ನಗರದವನು. ಶಾಲೆ ಬಿಟ್ಟ ಮೇಲೂ ಶಿಕ್ಷೆಯಾಗಿ ಕೂಡಿಹಾಕಿದ ಕೋಣೆಯಲ್ಲಿ ರ‍್ಯೂಕ್‌ನನ್ನು ಕಂಡು ಅವನು ಕಿಟಾರನೆ ಕಿರುಚುತ್ತಾನೆ, ಮೇಜಿನ ಕೆಳಗೆ ನುಸುಳುತ್ತಾನೆ, ದೃಶ್ಯ ನಗೆಪಾಟಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಲೈಟ್‌ನ ತಾಯಿಯನ್ನು ಒಬ್ಬ ಪಾತಕಿ ಕೊಂದು ಶಿಕ್ಷೆಯಿಲ್ಲದೆ ಪಾರಾಗಿದ್ದಾನೆ. ಅಂದರೆ ಹುಡುಗನಿಗೆ ಸೇಡಿನ ಕಾರಣ ಸಿಕ್ಕಿತು, ನೋಡುಗನಿಗೆ ಅವನ ಮೇಲೆ ಕನಿಕರ ಹುಟ್ಟಿತು.

ಮೂಲದಲ್ಲಿ ಅವನಿಗೆ ಅಂತಹ ಯಾವ ಕಾರಣವೂ ಇಲ್ಲ. ತಾಯಿ ಬದುಕಿದ್ದಾಳೆ, ಬೇಕಾದದ್ದನ್ನು ಮಾಡಿ ಬಡಿಸುತ್ತಾಳೆ, ಮನೆಯಲ್ಲಿ ಕೊರತೆಯೆಂಬುದಿಲ್ಲ. ಅವನಿಗಿರುವುದು ಬೇಸರ ಮತ್ತು ತಾನೇ ಸರಿ ಎಂಬ ಜಂಬ, ಅಷ್ಟೇ. ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದವನನ್ನು ಒಳ್ಳೆಯವನೆಂದೇ ನಂಬಿಬಿಡುವ ಸಮಾಜದ ಬಗೆಗಿನ ಕಥೆ ಅದು. ಪುಣೆಯ ಯಾವುದೇ ಪ್ರವೇಶ ಪರೀಕ್ಷೆಯ ತರಬೇತಿ ಕೇಂದ್ರದ ಮುಂದಿನ ಫಲಕದಲ್ಲಿ ಸಾಲಾಗಿ ನಗುವ ರ‍್ಯಾಂಕ್ ವಿಜೇತರ ಫೋಟೋಗಳನ್ನು ದಿನವೂ ನೋಡುವ ಹುಡುಗ ಹುಡುಗಿಯರಿಗೆ ಈ ಕಥೆ ತಟ್ಟನೆ ಹತ್ತಿರವಾಗುವುದಕ್ಕೆ ಅದೇ ಕಾರಣವೆಂದು ನನ್ನ ಊಹೆ. ಕಥೆಯನ್ನು ಸಿಯಾಟಲ್‌ಗೆ ಒಯ್ದದ್ದು ತಪ್ಪಲ್ಲ. ಅಮೆರಿಕದಲ್ಲೂ ಜಂಬದ ಜಾಣ ಹುಡುಗರಿಗೆ ಕೊರತೆಯಿಲ್ಲ. ಅವನ ಜಂಬವನ್ನು ಕಿತ್ತು ಆ ಜಾಗದಲ್ಲಿ ದುಃಖವನ್ನು ಕೂರಿಸಿದ್ದು ತಪ್ಪು.

ಸ್ಥಳಾಂತರವೇ ಪಾಪವಲ್ಲ ಎಂಬುದಕ್ಕೆ 2014ರ 'ಎಡ್ಜ್ ಆಫ್ ಟುಮಾರೊ' ಸಾಕ್ಷಿ. ಹಿರೋಶಿ ಸಕುರಾಜಾಕಾ ಅವರ 2004ರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಎಳೆಯ ಜಪಾನಿ ಸೈನಿಕನ ಪಾತ್ರ ಟಾಮ್ ಕ್ರೂಸ್ ಪಾಲಾಯಿತು, ರಣರಂಗ ಯುರೋಪಿಗೆ ಹೋಯಿತು, ಕೊನೆಯೂ ಬದಲಾಯಿತು. ಹಾಗಿದ್ದೂ ಚಿತ್ರ ಚೆನ್ನಾಗಿಯೇ ಇದೆ, ಅದರ ಮೇಲೆ ಅಷ್ಟು ದೊಡ್ಡ ಗಲಾಟೆಯೇನೂ ಆಗಲಿಲ್ಲ. ಸತ್ತಾಗಲೆಲ್ಲ ಅದೇ ದಿನದ ಬೆಳಗಿಗೆ ಮರಳುವವನು ಕಲಿಯುವುದೇನು ಎಂಬ ಮೂಲದ ಕುತೂಹಲವನ್ನು ಅವರು ಬಿಟ್ಟುಕೊಡಲಿಲ್ಲ. ಜೊತೆಗೆ ಅದು ಗದ್ಯ. ಓದುಗ ಆ ಸೈನಿಕನ ಮುಖವನ್ನು ತನ್ನ ಮನಸ್ಸಿನಲ್ಲೇ ಬಿಡಿಸಿಕೊಂಡಿರುತ್ತಾನೆ. ಮಂಗಾದಲ್ಲಿ ಮುಖ, ಕೂದಲಿನ ತುದಿ, ನಿಲುವು, ಮೌನದ ಅಳತೆ ಸಹಿತ ಎಲ್ಲವೂ ಆಗಲೇ ರೇಖೆಯಲ್ಲಿ ನಿಂತುಬಿಟ್ಟಿರುತ್ತವೆ. ಹೀಗಾಗಿ ಕಾದಂಬರಿಯನ್ನು ತೆರೆಗೆ ತರುವವನಿಗಿಂತ ಮಂಗಾವನ್ನು ತರುವವನ ಕಷ್ಟ ದೊಡ್ಡದು ಎಂಬುದನ್ನು ನಾನೂ ಒಪ್ಪುತ್ತೇನೆ. 2019ರ 'ಅಲಿಟಾ' ಚಿತ್ರದಲ್ಲಿ ರಾಬರ್ಟ್ ರಾಡ್ರಿಗೆಜ್ ಮತ್ತು ಜೇಮ್ಸ್ ಕ್ಯಾಮರೂನ್ ನಾಯಕಿಯ ಕಣ್ಣುಗಳನ್ನು ಮಂಗಾದಲ್ಲಿದ್ದಷ್ಟೇ ದೊಡ್ಡದಾಗಿ ಉಳಿಸಿಕೊಂಡ ಧೈರ್ಯ ನನಗೆ ಮೆಚ್ಚುಗೆಯಾದದ್ದು ಈ ಕಾರಣಕ್ಕೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಒಂದು ಕೃತಿ ತೆರೆಗೆ ಬರುವಾಗ 'ಇದು ಬೇಡ' ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿತ್ತು, ಮತ್ತು ಅವರು ಆ ಕೃತಿಯನ್ನು ಬಲ್ಲವರೇ ಎಂಬುದನ್ನು ನೋಡಬೇಕು. ದುಭಾಷಿಯ ಕೆಲಸದಲ್ಲಿ ಇದು ಬೇಗ ಅರ್ಥವಾಗುತ್ತದೆ. ಸಭೆಯಲ್ಲಿ ಹತ್ತು ಮಂದಿಯ ಅಭಿಪ್ರಾಯ ಕೇಳುತ್ತಾರೆ, ಎಲ್ಲರಿಗೂ ತಲೆಬಾಗುತ್ತಾರೆ, ಆದರೆ ನಕ್ಷೆಯ ಮೂಲೆಯಲ್ಲಿ ಸಹಿ ಬೀಳದೆ ಒಂದು ಮಿಲಿಮೀಟರ್ ಕೂಡ ಅತ್ತಿತ್ತ ಸರಿಯುವುದಿಲ್ಲ.

2021ರ ನವೆಂಬರಿನಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂದ 'ಕೌಬಾಯ್ ಬಿಬಾಪ್' ಸರಣಿಯನ್ನು ಗಮನಿಸಿ. ಮೂಲ ಅನಿಮೆಯ ಸಂಗೀತ ನೀಡಿದ ಯೊಕೊ ಕನ್ನೊ ಅವರೇ ಇದಕ್ಕೂ ಸಂಗೀತ ಕೊಟ್ಟರು. ನಾಯಕ ಜಾನ್ ಚೊ ಏಷ್ಯಾ ಮೂಲದವರು. ಉಡುಪು, ಬಾಹ್ಯಾಕಾಶ ಹಡಗು, ಶೀರ್ಷಿಕೆಯ ದೃಶ್ಯಾವಳಿ ಕೂಡ ಮೂಲದ ಅಚ್ಚಿನಲ್ಲೇ ಇದ್ದವು. ತಯಾರಕರು ಮೂಲದ ಅಭಿಮಾನಿಗಳೇ ಆಗಿದ್ದರು. ಮೂಲದ ನಿರ್ದೇಶಕ ಶಿನಿಚಿರೊ ವತನಾಬೆ ಅವರ ಹೆಸರು ಸಲಹೆಗಾರರೆಂದು ಬಂತು. ಮೂರು ವಾರ ತುಂಬುವ ಮೊದಲೇ ಸರಣಿ ರದ್ದಾಯಿತು. ಪರಿಶೀಲನೆಗೆಂದು ಕಳಿಸಿದ ದೃಶ್ಯಗಳಲ್ಲಿ ಮೊದಲಿನ ಕ್ಯಾಸಿನೊ ದೃಶ್ಯವನ್ನು ದಾಟಿ ಮುಂದೆ ನೋಡಲು ತಮ್ಮಿಂದಾಗಲಿಲ್ಲ ಎಂದು ವತನಾಬೆ 2023ರಲ್ಲಿ ಹೇಳಿದರು. ಸಲಹೆಗಾರ ನೋಡಲಾರದೆ ಎದ್ದುಹೋದರೂ ಕೆಲಸ ನಿಲ್ಲದೆ ನಡೆಯಿತೆಂದರೆ ಆ ಸಲಹೆಗೆ ಇದ್ದ ಬೆಲೆ ಎಷ್ಟು? ಮೂಲದಲ್ಲಿ ನಾಯಕನ ಹಿಂದಿನ ಬದುಕು, ಅವನು ಪ್ರೀತಿಸಿದ ಹೆಣ್ಣು, ಅವನ ಶತ್ರು, ಇವೆಲ್ಲ 26 ಕಂತುಗಳ ನಡುವೆ ಕೆಲವೇ ಕಡೆ ಮಿಂಚಿ ಮರೆಯಾಗುತ್ತವೆ. ಉಳಿದದ್ದನ್ನು ನೋಡುಗನೇ ಊಹಿಸಿಕೊಳ್ಳಬೇಕು. ನೆಟ್‌ಫ್ಲಿಕ್ಸಿನವರು ಆ ಖಾಲಿ ಜಾಗಗಳನ್ನೆಲ್ಲ ಸಂಭಾಷಣೆಯಿಂದ ತುಂಬಿಸಿದರು. ಅದನ್ನು ಹಾಗೆಯೇ ಬಿಡಿ ಎನ್ನಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಅದೇ ಸಂಸ್ಥೆ 2023ರ ಆಗಸ್ಟ್ 31ರಂದು 'ಒನ್ ಪೀಸ್' ಬಿಡುಗಡೆ ಮಾಡಿತು. ಎಯಿಚಿರೊ ಓದಾ 1997ರಿಂದ ಬರೆಯುತ್ತಲೇ ಇರುವ, ನೂರು ಸಂಪುಟ ದಾಟಿದ ಈ ಕಡಲ್ಗಳ್ಳರ ಮಂಗಾದ ನಾಯಕನ ಕೈಕಾಲು ರಬ್ಬರಿನಂತೆ ಹಿಗ್ಗುತ್ತವೆ, ದೂರವಾಣಿಯ ಕೆಲಸವನ್ನು ಬಸವನಹುಳುಗಳು ಮಾಡುತ್ತವೆ. ಇದಕ್ಕಿಂತ ಅಸಾಧ್ಯವಾದ ಕೃತಿ ಹುಡುಕಿದರೂ ಸಿಗದು. ಆದರೆ ಲೇಖಕನಾದ ತಮಗೆ ತೃಪ್ತಿಯಾಗದೆ ಬಿಡುಗಡೆ ಮಾಡುವುದಿಲ್ಲವೆಂದು ನಿರ್ಮಾಪಕರು ಒಪ್ಪಿದ್ದಾರೆ ಎಂದು ಓದಾ ಮುಂಚಿತವಾಗಿಯೇ ಅಭಿಮಾನಿಗಳಿಗೆ ಪತ್ರ ಬರೆದು ತಿಳಿಸಿದ್ದರು. ಸರಿಬಾರದ ದೃಶ್ಯಗಳನ್ನು ಚಿತ್ರೀಕರಣ ಮುಗಿದ ಮೇಲೂ ಮತ್ತೆ ಚಿತ್ರೀಕರಿಸಲಾಯಿತು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಹಡಗುಗಳನ್ನು ನಿಜವಾಗಿಯೇ ಕಟ್ಟಿದರು. ಬಸವನಹುಳುವನ್ನು ನಾಚಿಕೆಯಿಂದ ಮೊಬೈಲು ಫೋನಾಗಿಸಲಿಲ್ಲ, ಬಸವನಹುಳುವಾಗಿಯೇ ತೋರಿಸಿದರು. ಇಡೀ ಮಂಗಾವನ್ನು ನುಂಗಲು ಹೋಗದೆ, ಕಥೆಯ ಮೊದಲ ಘಟ್ಟಕ್ಕೇ ಎಂಟು ಕಂತು ಕೊಟ್ಟರು. ಮುಖದ ವಾದ ಇಲ್ಲಿ ಇನ್ನಷ್ಟು ಸಡಿಲವಾಗುತ್ತದೆ. ನಾಯಕ ಲೂಫಿಯಾಗಿ ನಟಿಸಿದ ಇನ್ಯಾಕಿ ಗೊಡೊಯ್ ಮೆಕ್ಸಿಕೊದ ಹುಡುಗ. ತನ್ನ ಪಾತ್ರಗಳು ನಿಜಲೋಕದಲ್ಲಿದ್ದರೆ ಲೂಫಿ ಬ್ರೆಜಿಲಿನವನು, ಜೋರೊ ಜಪಾನಿನವನು, ಸಾಂಜಿ ಫ್ರಾನ್ಸಿನವನು ಆಗಿರುತ್ತಿದ್ದರು ಎಂದು ಓದಾ ಎಂದೋ ಓದುಗರಿಗೆ ಹೇಳಿದ್ದರು. ನಟರ ಆಯ್ಕೆ ಸುಮಾರಾಗಿ ಆ ಜಾಡಿನಲ್ಲೇ ನಡೆಯಿತು.

ಕನ್ನಡದ ಓದುಗರು ಇಲ್ಲಿ ನನ್ನನ್ನು ತಡೆದು ನಿಲ್ಲಿಸಬಹುದು. ಮೂಲ ಲೇಖಕನ ಮೆಚ್ಚುಗೆಯೇ ಅಳತೆಗೋಲಾದರೆ 'ನಾಗರಹಾವು' ಚಿತ್ರದ ಗತಿಯೇನು ಎಂದು ಕೇಳಬಹುದು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದು ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ಆ ಚಿತ್ರವನ್ನು ನೋಡಿ, ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ಲೇಖಕರು ಬೇಸರಪಟ್ಟ ಸಂಗತಿ ನಮ್ಮಲ್ಲಿ ಎಲ್ಲರೂ ಬಲ್ಲದ್ದು. ಆದರೂ ರಾಮಾಚಾರಿ ಮತ್ತು ಚಾಮಯ್ಯ ಮೇಷ್ಟ್ರು ಕನ್ನಡಿಗರ ಮನೆಯವರೇ ಆಗಿಬಿಟ್ಟರು. ಈ ಆಕ್ಷೇಪಣೆ ತೂಕದ್ದು, ಅದನ್ನು ತಳ್ಳಿಹಾಕುವುದಿಲ್ಲ. ಲೇಖಕನ ಸಹಿಯೊಂದೇ ಮುಖ್ಯವೆಂದು ನಾನು ಹೇಳುತ್ತಿಲ್ಲ. ಪುಟ್ಟಣ್ಣನವರು ಆ ಕಾದಂಬರಿಗಳನ್ನು ಓದಿದ್ದ ಜನರಿಗಾಗಿಯೇ ಚಿತ್ರ ಮಾಡಿದರು, ಚಿತ್ರದುರ್ಗದ ಬಂಡೆಗಳ ನಡುವೆಯೇ ಕ್ಯಾಮೆರಾ ಇಟ್ಟರು, ಒನಕೆ ಓಬವ್ವನ ಪ್ರಸಂಗವನ್ನು ಕಥೆಗೆ ಸೇರಿಸಿದಾಗ ಅದು ಆ ನೆಲದ್ದೇ ಆಗಿತ್ತು. ತಪ್ಪಿದ್ದರೆ ಸಂಪೂರ್ಣ ಹೊಣೆ ಅವರದಾಗುತ್ತಿತ್ತು, ಚಿತ್ರಮಂದಿರದಿಂದ ಹೊರಬರುವ ಓದುಗರೇ ಮುಖದ ಮೇಲೆ ಹೇಳಿಬಿಡುತ್ತಿದ್ದರು. 2009ರ ಡ್ರ್ಯಾಗನ್‌ಬಾಲ್ ತಂಡ ಯಾವ ಓದುಗನಿಗೂ ಹೀಗೆ ಉತ್ತರ ಹೇಳಬೇಕಾಗಿರಲಿಲ್ಲ. ಮಂಗಾ ಓದದವರೇ ತಮ್ಮ ಪ್ರೇಕ್ಷಕರು ಎಂದು ಅವರು ಲೆಕ್ಕ ಹಾಕಿದಂತಿತ್ತು.

ಎದುರು ದಿಕ್ಕಿನಿಂದಲೂ ಒಂದು ಉದಾಹರಣೆ ಇದೆ, ಅದು ನಮ್ಮದೇ ಕೃತಿಯದ್ದು. ಯುಗೊ ಸಾಕೊ ಎಂಬ ಜಪಾನಿ ನಿರ್ಮಾಪಕ ರಾಮಾಯಣವನ್ನು ಅನಿಮೆಯಾಗಿಸಲು ಹೊರಟಾಗ, ವಿದೇಶಿಯೊಬ್ಬ ರಾಮನನ್ನು ಕಾರ್ಟೂನು ಮಾಡುತ್ತಾನೆಂದು ಇಲ್ಲಿ ವಿರೋಧ ಎದ್ದಿತ್ತು. ಅವರು ಮುಂಬಯಿಯ ಅನಿಮೇಶನ್ ಕಲಾವಿದ ರಾಮ್ ಮೋಹನ್ ಅವರನ್ನು ಸಹನಿರ್ದೇಶಕರಾಗಿ ಪಕ್ಕದಲ್ಲಿ ಕೂರಿಸಿಕೊಂಡರು. ಧೋತರ ಉಡುವುದು ಹೇಗೆ, ಮಕ್ಕಳು ಹಿರಿಯರ ಆಶೀರ್ವಾದ ಪಡೆಯುವುದು ಹೇಗೆ ಎಂಬಂತಹ ವಿವರಗಳನ್ನು ಭಾರತೀಯ ಕಲಾವಿದರು ಜಪಾನಿ ಕಲಾವಿದರಿಗೆ ತೋರಿಸಿಕೊಟ್ಟರು. ರಾಮನ ಕಣ್ಣು ಜಪಾನಿ ಶೈಲಿಯ ದೊಡ್ಡ ಕಣ್ಣೇ. ಆದರೆ ಅವನು ತಂದೆಯ ಎದುರು ನಿಲ್ಲುವ ರೀತಿಯಲ್ಲಿ ಒಂದಿಷ್ಟೂ ಪರಕೀಯತೆ ಇಲ್ಲ. 2025ರ ಜನವರಿ 24ರಂದು ಆ ಚಿತ್ರ ನಮ್ಮ ಚಿತ್ರಮಂದಿರಗಳಿಗೆ ಹೊಸದಾಗಿ ಬಂದಾಗ ಹಿಂದಿ, ತಮಿಳು, ತೆಲುಗು, ಇಂಗ್ಲಿಷ್ ಭಾಷೆಗಳಲ್ಲಿತ್ತು. ಕನ್ನಡವನ್ನು ಬಿಟ್ಟದ್ದರ ಬಗ್ಗೆ ಬರೆದರೆ ಅದೇ ಇನ್ನೊಂದು ಪತ್ರವಾಗುತ್ತದೆ.

ಈ ಬೆಳೆ ಇಲ್ಲಿಗೆ ನಿಲ್ಲುವಂತಿಲ್ಲ. ಮಸಾಶಿ ಕಿಶಿಮೊತೊ ಅವರ 72 ಸಂಪುಟಗಳ 'ನರುತೊ' ಕೃತಿಯನ್ನು ತೆರೆಗೆ ತರಲು ಲಯನ್ಸ್‌ಗೇಟ್ ಸಂಸ್ಥೆ ಡೆಸ್ಟಿನ್ ಡೇನಿಯಲ್ ಕ್ರೆಟನ್ ಅವರನ್ನು ನೇಮಿಸಿರುವುದಾಗಿ 2024ರ ಫೆಬ್ರುವರಿಯಲ್ಲೇ ಪ್ರಕಟಿಸಿದೆ. ಅದು ಬಂದಾಗ ನಾಯಕನ ಕೂದಲ ಬಣ್ಣ ಮತ್ತು ನಟನ ಹುಟ್ಟೂರಿನ ಬಗ್ಗೆ ಬರೆಯಲು ಬಹಳ ಜನ ಸಿಗುತ್ತಾರೆ. ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ಆ ವಿಮರ್ಶೆಯನ್ನು ಮೂಲ ಕೃತಿಯನ್ನು ಓದಿರುವವರಿಂದ ಬರೆಸಿ, 72 ಸಂಪುಟಗಳಲ್ಲಿ ಎಷ್ಟನ್ನು ಆರಿಸಿಕೊಂಡಿದ್ದಾರೆ, ಕಿಶಿಮೊತೊ ಅವರಿಗೆ ದೃಶ್ಯವೊಂದನ್ನು ಬೇಡವೆನ್ನುವ ಅಧಿಕಾರವಿತ್ತೇ ಅಥವಾ ಹೆಸರಷ್ಟೇ ಇತ್ತೇ ಎಂದು ವಿಚಾರಿಸಲು ಹೇಳಿ. ಅಂತಹ ಓದುಗರು ಬೆಂಗಳೂರು, ಧಾರವಾಡ, ಮಂಗಳೂರುಗಳಲ್ಲಿ ತಮಗೆ ಸುಲಭವಾಗಿ ಸಿಗುತ್ತಾರೆ. ಸಿಗದಿದ್ದರೆ ಪುಣೆಯ ಕನ್ನಡದ ಮನೆಗಳಲ್ಲಿ ವಿಚಾರಿಸಬಹುದು. ಇಲ್ಲಿನ ಮಕ್ಕಳು ಮರಾಠಿಯಲ್ಲಿ ಜಗಳವಾಡಿ, ಕನ್ನಡದಲ್ಲಿ ಊಟ ಕೇಳಿ, ನರುತೊವನ್ನು ಜಪಾನಿಯಲ್ಲೇ ನೋಡುತ್ತಾರೆ.

ಇಂತು ತಮ್ಮ ವಿಶ್ವಾಸಿ,
ಒಬ್ಬ ಜಪಾನಿ ದುಭಾಷಿ
ಸಿಂಹಗಡ ರಸ್ತೆ, ಪುಣೆ